ಗುಬ್ಬಕ್ಕ ಯಾಕೆ ಬಾಗಿಲು ತೆಗೆಯಲಿಲ್ಲ

ಜಿಗಣಿಯಲ್ಲಿ ಸಂಜೆ ಕರೆಂಟು ಹೋದರೆ ಮೊದಲು ನಿಲ್ಲುವುದು ಕಲ್ಲಿನ ಸದ್ದು. ಹಗಲಿಡೀ ಗ್ರಾನೈಟ್ ಫ್ಯಾಕ್ಟರಿಗಳಲ್ಲಿ ಗರಗಸ ಕಲ್ಲು ಕೊಯ್ಯುತ್ತಲೇ ಇರುತ್ತದೆ. ಈ ಊರಿಗೆ ಬಂದು ಒಂದು ತಿಂಗಳಾಗುವಷ್ಟರಲ್ಲಿ ಆ ಸದ್ದು ಕಿವಿಗೆ ಬೀಳುವುದೇ ಬಿಟ್ಟುಹೋಗುತ್ತದೆ. ನಿಂತಾಗ ಮಾತ್ರ, ಅಯ್ಯೋ, ಇಷ್ಟು ಹೊತ್ತೂ ಇತ್ತಲ್ಲ ಅನ್ನಿಸುತ್ತದೆ. ಜನರೇಟರ್ ಶುರುವಾಗುವ ತನಕದ ಆ ಎರಡು ನಿಮಿಷದಲ್ಲಿ ನಮ್ಮ ಮನೆಯ ಹಿಂದಿನ ಶೀಟ್ ಮನೆಗಳಿಂದ ಮಕ್ಕಳು ಒಬ್ಬೊಬ್ಬರಾಗಿ ಹೊರಗೆ ಬಂದು ನಮ್ಮ ಮೆಟ್ಟಿಲ ಮೇಲೆ ಕೂರುತ್ತವೆ. ಮೊಬೈಲಿನಲ್ಲಿ ಚಾರ್ಜ್ ಇಲ್ಲ, ಟಿವಿ ಇಲ್ಲ, ಒಳಗೆ ಸೆಕೆ. ಇನ್ನೇನಿದೆ? ಅಜ್ಜಿ ಇದ್ದಾಳೆ.

ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಮಗನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಜಿಗಣಿಯಲ್ಲಿ ಮನೆ ಕಟ್ಟಿಸಿಕೊಂಡ, ನಾನೂ ಬಂದೆ. ಬಂದ ಮೊದಮೊದಲು ಈ ಊರಿನಲ್ಲಿ ನನಗೆ ಮಾತಾಡಲು ಯಾರೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಈ ಮಕ್ಕಳು. ಒಂದು ಇಳಕಲ್ಲಿನ ಕಡೆಯದು, ಒಂದು ಒಡಿಶಾದ್ದು, ಎರಡು ಕೃಷ್ಣಗಿರಿ ಕಡೆಯವು, ಜೊತೆಗೆ ನನ್ನ ಮೊಮ್ಮಗ. ಕಥೆ ಹೇಳುವುದು ಕನ್ನಡದಲ್ಲಿ. ಕನ್ನಡ ಬಾರದವರಿಗೆ ಬರುವವರು ಪಿಸುಗುಟ್ಟಿ ಹೇಳುತ್ತಾರೆ. ಹುಲಿ, ನರಿ ಬಂದಾಗ ಪಿಸುಗುಟ್ಟುವುದೂ ಬೇಕಾಗುವುದಿಲ್ಲ.

ಒಂದು ದಿನ ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತಿದ್ದೆ. ಕನ್ನಡದ ಮಗುವಿನ ಕಿವಿಗೆ ಬೀಳುವ ಮೊದಲ ಕಥೆ ಬಹುಶಃ ಇದೇ. ಎಷ್ಟು ಮೊದಲನೆಯದೆಂದರೆ, ದೊಡ್ಡವರಾದ ಮೇಲೆ ಯಾರಾದರೂ ನೆಪ ಹೇಳಿದರೆ ‘ಕಾಗಕ್ಕ ಗುಬ್ಬಕ್ಕನ ಕಥೆ ಹೇಳಬೇಡ’ ಅಂತ ಗದರುತ್ತೇವೆ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆ ಬಂತು, ಸಗಣಿ ಮನೆ ಕೊಚ್ಚಿಹೋಯಿತು. ನೆನೆದು ತೊಪ್ಪೆಯಾದ ಕಾಗಕ್ಕ ಗುಬ್ಬಕ್ಕನ ಬಾಗಿಲು ತಟ್ಟಿದಳು. ಗುಬ್ಬಕ್ಕ, ತಾಳು ಮಗುವಿಗೆ ನೀರು ಹಾಕ್ತಿದ್ದೀನಿ ಅಂದಳು. ಆಮೇಲೆ ತಾಳು ಮೈ ಒರೆಸ್ತಿದ್ದೀನಿ, ತಾಳು ಕಾಡಿಗೆ ಹಚ್ತಿದ್ದೀನಿ, ತಾಳು ತೊಟ್ಟಿಲು ತೂಗ್ತಿದ್ದೀನಿ. ಮಕ್ಕಳಿಗೆ ಈ ತಾಳು ತಾಳು ಬಹಳ ಇಷ್ಟ. ತಾವೇ ಸೇರಿಸುತ್ತವೆ: ತಾಳು ಓಟಿಪಿ ಬರ್ತಿದೆ, ತಾಳು ಗ್ಯಾಸ್ ಬಂತು. ನಗುತ್ತಾ ನಗುತ್ತಾ ಕಾಗಕ್ಕನನ್ನು ಮಳೆಯಲ್ಲಿ ನಿಲ್ಲಿಸಿಯೇ ಕಥೆ ಮುಗಿಸಿದೆ. ಮುಗಿಸಿ, ವರ್ಷಗಳಿಂದ ಬಾಯಿಗೆ ಅಂಟಿದ್ದ ಮಾತನ್ನೂ ಹೇಳಿದೆ: ನೋಡಿ ಮಕ್ಕಳೇ, ಅದಕ್ಕೇ ಮುಂದಾಲೋಚನೆ ಮಾಡಿ ಗಟ್ಟಿ ಮನೆ ಕಟ್ಟಿಕೊಳ್ಳಬೇಕು.

ಇಳಕಲ್ಲಿನ ಹುಡುಗಿಗೆ ಎಂಟು ವರ್ಷವಿರಬಹುದು. ಅವಳ ಅಪ್ಪ ಕಲ್ಲು ಪಾಲಿಶ್ ಮಾಡುತ್ತಾನೆ. ಅವರ ಮನೆಗೆ ಮೇಲೆ ತಗಡು, ಸುತ್ತ ತಗಡು. ಅವಳು ನಗಲಿಲ್ಲ. “ಅಜ್ಜಿ, ಗುಬ್ಬಕ್ಕ ಬಾಗ್ಲಾ ಯಾಕ ತಗೀಲಿಲ್ಲ?” ಅಂದಳು.

ಅಷ್ಟರಲ್ಲಿ ಕರೆಂಟು ಬಂತು, ಮಕ್ಕಳು ಓಡಿದವು. ನಾನು ಮೆಟ್ಟಿಲ ಮೇಲೇ ಕೂತಿದ್ದೆ. ಎಷ್ಟು ಸಾವಿರ ಸಲ ಹೇಳಿರಬಹುದು ಈ ಕಥೆಯನ್ನು? ಎಷ್ಟು ಪುಸ್ತಕಗಳಲ್ಲಿ ‘ನೀತಿ’ ಅಂತ ಬರೆಸಿ, ಸ್ಕೇಲು ಇಟ್ಟು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆಸಿರಬಹುದು? ಕಲ್ಲು ಕಡಿದು ಹೊಳಪು ಕೊಟ್ಟು ಊರಿನವರ ಮನೆಗೆಲ್ಲ ಕಳಿಸುವವನ ಮಗಳು ತಗಡಿನ ಮನೆಯಲ್ಲಿ ಇರುತ್ತಾಳೆ. ಅವಳಿಗೆ ನಾನು, ಗಟ್ಟಿ ಮನೆ ಕಟ್ಟಿಕೋ ಅಂತ ಬುದ್ಧಿ ಹೇಳಿದ್ದೆ.

ಆವತ್ತಿನಿಂದ ಈ ‘ನೀತಿ’ ಅನ್ನುವ ಪದದ ಬೆನ್ನು ಹತ್ತಿದ್ದೇನೆ.

ನಮ್ಮಲ್ಲಿ ನೀತಿಗೆ ಎರಡು ಅರ್ಥ. ಒಳ್ಳೆಯ ನಡತೆ ಅನ್ನುವುದು ಒಂದು. ರಾಜನೀತಿ ಅನ್ನುವಲ್ಲಿನ ನೀತಿ ಇನ್ನೊಂದು. ಪಂಚತಂತ್ರ ಹುಟ್ಟಿದ್ದು ಈ ಎರಡನೆಯ ನೀತಿಗಾಗಿ. ಅಮರಶಕ್ತಿ ಅನ್ನುವ ರಾಜನಿಗೆ ಮೂವರು ದಡ್ಡ ಮಕ್ಕಳು. ಅವರನ್ನು ಆರು ತಿಂಗಳಲ್ಲಿ ಜಾಣರನ್ನಾಗಿ ಮಾಡುತ್ತೇನೆಂದು ವಿಷ್ಣುಶರ್ಮ ಒಪ್ಪಿಕೊಂಡ. ಅವನು ಕಲಿಸಬೇಕಾಗಿದ್ದದ್ದು ರಾಜ್ಯ ಆಳುವ ವಿದ್ಯೆ. ಯಾರನ್ನು ನಂಬಬೇಕು, ಇಬ್ಬರ ಸ್ನೇಹ ಹೇಗೆ ಮುರಿಯುತ್ತದೆ, ಬಲ ಇಲ್ಲದವನು ಬಲಶಾಲಿಯ ಕೈಯಿಂದ ಹೇಗೆ ತಪ್ಪಿಸಿಕೊಳ್ಳಬೇಕು, ಇಂಥವು.

ಕನ್ನಡಕ್ಕೆ ಇದನ್ನು ತಂದವನೂ ಮಕ್ಕಳ ಸಾಹಿತಿಯಲ್ಲ. ದುರ್ಗಸಿಂಹ ಕಲ್ಯಾಣದ ಚಾಲುಕ್ಯ ದೊರೆ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿ. ಯಾರ ಜೊತೆ ಸಂಧಿ, ಯಾರ ಮೇಲೆ ಯುದ್ಧ ಅನ್ನುವುದನ್ನು ನೋಡಿಕೊಳ್ಳುತ್ತಿದ್ದ ಮಂತ್ರಿ. ಅಂಥವನು 1031ರ ಸುಮಾರಿಗೆ ಚಂಪೂವಿನಲ್ಲಿ ಪಂಚತಂತ್ರ ಬರೆದ. ಅವನ ಊರು ಸಯ್ಯಡಿ. ಈಗಿನ ಗದಗ ಜಿಲ್ಲೆಯ ರೋಣದ ಕಡೆಯ ಸವಡಿ ಅದು ಅಂತ ವಿದ್ವಾಂಸರು ಗುರುತಿಸಿದ್ದಾರೆ. ನನಗೆ ತುಂಬ ಹಿಡಿಸಿದ ಸಂಗತಿಯೆಂದರೆ, ಅವನು ಎಲ್ಲರಿಗೂ ಗೊತ್ತಿರುವ ವಿಷ್ಣುಶರ್ಮನ ಪಾಠವನ್ನು ಹಿಡಿಯದೆ ವಸುಭಾಗಭಟ್ಟನ ಪಾಠವನ್ನು ಹಿಡಿದ. ವಸುಭಾಗಭಟ್ಟನ ಸಂಸ್ಕೃತ ಮೂಲ ಇಂದು ಉಳಿದಿಲ್ಲ. ಆ ಬಳ್ಳಿಯ ಕುಡಿಗಳು ಕನ್ನಡದಲ್ಲೂ ದೂರದ ಜಾವಾ ದ್ವೀಪದಲ್ಲೂ ಉಳಿದುಕೊಂಡವು. ಕತೆಗೆ ಕಾಲಿಲ್ಲ ಅನ್ನುತ್ತೇವೆ. ಕಾಲಿಲ್ಲದೆ ಸಮುದ್ರ ದಾಟಿದೆ.

ದುರ್ಗಸಿಂಹನ ಐದು ತಂತ್ರಗಳ ಹೆಸರು ನೋಡಿ: ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ. ನಂಬಿಕೆ ಇದ್ದಲ್ಲೇ ವಂಚನೆಯೂ ಪಕ್ಕದಲ್ಲಿ ಕೂತಿದೆ. ಮೊದಲ ತಂತ್ರದಲ್ಲಿ ಒಂದು ನರಿ ಸಿಂಹಕ್ಕೂ ಎತ್ತಿಗೂ ಇದ್ದ ಗಾಢ ಸ್ನೇಹವನ್ನು ಚಾಡಿ ಹೇಳಿ ಒಡೆಯುತ್ತದೆ. ಎತ್ತು ಸಾಯುತ್ತದೆ. ನರಿಗೆ ಶಿಕ್ಷೆಯಾಗುವುದಿಲ್ಲ, ಮಂತ್ರಿ ಪದವಿ ಸಿಗುತ್ತದೆ ಅನ್ನುವ ಪಾಠಗಳೂ ಇವೆ. ಇದರ ಕೊನೆಗೆ ಯಾವ ನೀತಿ ಬರೆಸಲಿ ಎರಡನೇ ಕ್ಲಾಸಿನವರಿಗೆ? ಆ ನರಿ ದಮನಕ, ಅದರ ಜೊತೆಗಿದ್ದ ಇನ್ನೊಂದು ನರಿ ಕರಟಕ. ಆರನೇ ಶತಮಾನದಲ್ಲಿ ಪಾರಸಿಕ ದೇಶಕ್ಕೆ ಹೋಗಿ, ಎಂಟನೇ ಶತಮಾನದಲ್ಲಿ ಅರಬ್ಬಿಗೆ ದಾಟಿ ‘ಕಲೀಲಾ, ದಿಮ್ನಾ’ ಆದವರು. 2024ರಲ್ಲಿ ಶಿವರಾಜ್‌ಕುಮಾರ್, ಪ್ರಭುದೇವ ಆಗಿ ನಮ್ಮ ಥಿಯೇಟರಿಗೂ ಬಂದರು. ನನ್ನ ಮೊಮ್ಮಗನಿಗೆ ಕರಟಕ ದಮನಕ ಅಂದರೆ ಈಗಲೂ ಡ್ಯಾನ್ಸೇ.

ಈಸೋಪನ ಕಥೆಗಳದ್ದೂ ಹೀಗೇ. ಕೊನೆಯ ಆ ಒಂದು ಸಾಲು ಆಮೇಲಿನವರು ಅಂಟಿಸಿದ್ದು. ಭಾಷಣ ಮಾಡುವವರಿಗೆ, ಬರೆಯುವವರಿಗೆ, ಯಾವ ಕಥೆ ಯಾವ ಸಂದರ್ಭಕ್ಕೆ ಅಂತ ಬೇಗ ಸಿಗಲಿ ಎಂದು ಹಚ್ಚಿದ ಚೀಟಿ. ಡಬ್ಬಿಯ ಮೇಲೆ ಜೀರಿಗೆ, ಮೆಂತ್ಯ ಅಂತ ಬರೆದ ಹಾಗೆ. ನಾವು ಮಕ್ಕಳಿಗೆ ಚೀಟಿಯನ್ನೇ ನೆಕ್ಕಿಸುತ್ತಾ ಬಂದೆವೇನೋ ಅನ್ನಿಸಿ ನನಗೆ ಸಂಕಟವಾಯಿತು.

ಹಾಗಾಗಿ ನೀತಿ ಹೇಳುವುದನ್ನು ನಿಲ್ಲಿಸಿದೆ. ಕಥೆ ಹೇಳುವುದು, ಸುಮ್ಮನಾಗುವುದು. ಸುಮ್ಮನಾಗುವುದು ಟೀಚರಿಗೆ ಬಹಳ ಕಷ್ಟದ ಕೆಲಸ, ಆದರೂ ಮಾಡಿದೆ. ಸುಮ್ಮನಾದ ಮೇಲೆ ಮಕ್ಕಳ ಮಾತು ಶುರುವಾಯಿತು.

ಮೊಲ ಸಿಂಹವನ್ನು ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಅದರದ್ದೇ ನೆರಳು ತೋರಿಸುವ ಕಥೆ ಹೇಳಿದೆ. ಸಿಂಹ ಈ ಮಕ್ಕಳಿಗೆ ಹೊಸದಲ್ಲ. ಬನ್ನೇರುಘಟ್ಟ ಇಲ್ಲೇ ಪಕ್ಕದಲ್ಲಿ, ಸಫಾರಿ ಬಸ್ಸಿನ ಜಾಲರಿಯಿಂದ ಸಿಂಹ ಆಕಳಿಸುವುದನ್ನು ನೋಡಿದ್ದಾರೆ. ಅವರಿಗೆ ಗೊತ್ತಿಲ್ಲದ್ದು ಬಾವಿ. ಈ ಸುತ್ತಿನಲ್ಲಿ ಇರುವುದೆಲ್ಲ ಬೋರ್‌ವೆಲ್, ಟ್ಯಾಂಕರ್, ಸಂಪು. ಬಾವಿ ಅಂದರೇನು ಅಂತ ವಿವರಿಸಿ ಸಾಕಾಗಿ, ಮಗನನ್ನು ಕರೆದು ನಮ್ಮ ಮನೆಯ ಸಂಪಿನ ಮುಚ್ಚಳ ತೆಗೆಸಿದೆ. ಅವನು ಒಬ್ಬೊಬ್ಬರನ್ನೇ ಸೊಂಟ ಹಿಡಿದು ಬಗ್ಗಿಸಿದ. ತಂಪು ಗಾಳಿ, ಕತ್ತಲು, ಕೆಳಗೆ ಒಂದು ಚೌಕ ಆಕಾಶ, ಅದರ ನಡುವೆ ತನ್ನದೇ ತಲೆ. ಒಡಿಶಾದ ಹುಡುಗ ‘ಓಯ್’ ಅಂದ. ಒಳಗಿನಿಂದ ಅದಕ್ಕಿಂತ ದಪ್ಪ ದನಿಯಲ್ಲಿ ‘ಓಯ್’ ಬಂತು. ಹುಡುಗ ಬೆಚ್ಚಿಬಿದ್ದು ಹಿಂದೆ ಸರಿದ. ಆಮೇಲೆ ಮೆಲ್ಲಗೆ, “ಸಿಂಹ ದಡ್ಡ ಅಲ್ಲ ಅಜ್ಜಿ, ನಂಗೂ ಯಾರೋ ಇದಾರೆ ಅನ್ನಿಸ್ತು” ಅಂದ. ಮೊಲದ ಜಾಣತನ ಎಷ್ಟು ದೊಡ್ಡದೆಂದು ಅವತ್ತು ನನಗೂ ಹೊಸದಾಗಿ ತಿಳಿಯಿತು.

ಇನ್ನು ಬಾಯಾರಿದ ಕಾಗೆಯ ಕಥೆ. ಹೂಜಿಯ ತಳದಲ್ಲಿ ನೀರು, ಕಾಗೆ ಕಲ್ಲು ಹಾಕಿತು, ನೀರು ಮೇಲೆ ಬಂತು, ಕುಡಿಯಿತು. ಕಲ್ಲಿಗೆ ಜಿಗಣಿಯಲ್ಲಿ ಬರವೇ? ಕೊಯ್ದು ಉಳಿದ ಚೂರು ಬೀದಿ ಬದಿಯಲ್ಲೇ ಗುಡ್ಡೆ ಬಿದ್ದಿರುತ್ತದೆ. ಮಾಡಿಯೇ ನೋಡೋಣ ಅಂದವು ಮಕ್ಕಳು. ಎರಡು ಖಾಲಿ ನೀರಿನ ಬಾಟಲಿಗಳ ಕುತ್ತಿಗೆ ಕತ್ತರಿಸಿ ಕೊಟ್ಟೆ. ಒಂದಕ್ಕೆ ಕಾಲು ಭಾಗ ನೀರು, ಕಥೆಯಲ್ಲಿ ಇರುವ ಹಾಗೆ ತಳದಲ್ಲಿ. ಇನ್ನೊಂದಕ್ಕೆ ಅರ್ಧಕ್ಕಿಂತ ಸ್ವಲ್ಪ ಮೇಲೆ. ಕಡಲೆಬೀಜದಷ್ಟು, ಗೋಲಿಯಷ್ಟು ಚೂರುಗಳನ್ನು ಆರಿಸಿ ತಂದು ಒಂದೊಂದಾಗಿ ಹಾಕಿದರು. ಎರಡನೆಯ ಬಾಟಲಿಯಲ್ಲಿ ನೀರು ಏರಿ ಏರಿ ಅಂಚಿಗೆ ಬಂದು ತುಳುಕಿತು. ಮೊದಲನೆಯದರಲ್ಲಿ ಮೊದಲು ಸ್ವಲ್ಪ ಏರಿತು, ಆಮೇಲೆ ನಿಂತೇ ಬಿಟ್ಟಿತು. ಕಲ್ಲು ಬಾಟಲಿಯ ಬಾಯಿ ತನಕ ಬಂತು, ನೀರು ಕೆಳಗೇ ಉಳಿಯಿತು. ಬೆರಳು ಹಾಕಿದರೆ ಒಣ ಕಲ್ಲು.

ಲೆಕ್ಕ ಸರಳ. ಚೂರುಕಲ್ಲು ತುಂಬಿದ ಪಾತ್ರೆಯಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಸಂದೇ ಇರುತ್ತದೆ. ಮೊದಲು ಆ ಸಂದು ತುಂಬಬೇಕು. ಅಷ್ಟು ನೀರೇ ಇಲ್ಲದಿದ್ದರೆ ಎಷ್ಟು ಕಲ್ಲು ಹಾಕಿದರೂ ಮೇಲೆ ಬರುವುದಿಲ್ಲ. ಕೇಂಬ್ರಿಜ್‌ನಲ್ಲಿ 2009ರಲ್ಲಿ ಕಾಗೆಯ ಜಾತಿಯದೇ ಆದ ರೂಕ್ ಹಕ್ಕಿಗಳ ಮುಂದೆ ಇಂಥದೇ ಕೊಳವೆ ಇಟ್ಟು, ನೀರಿನ ಮೇಲೆ ಒಂದು ಹುಳು ತೇಲಿಬಿಟ್ಟು ನೋಡಿದರು. ಹಕ್ಕಿಗಳು ನಿಜವಾಗಿಯೂ ಕಲ್ಲು ಹಾಕಿ ಹುಳು ತೆಗೆದುಕೊಂಡವು. ಚಿಕ್ಕ ಕಲ್ಲಿಗಿಂತ ದಪ್ಪ ಕಲ್ಲು ಒಳ್ಳೆಯದು ಅಂತಲೂ ಕಂಡುಕೊಂಡವು. ಈಸೋಪನ ಹೆಸರಿನ ಕಥೆಗೆ ಎಷ್ಟೋ ನೂರು ವರ್ಷ ಕಳೆದ ಮೇಲೆ ಸಾಕ್ಷಿ ಸಿಕ್ಕಿತು. ಇದನ್ನು ಹೇಳಿದಾಗ ಮಕ್ಕಳ ಕಣ್ಣು ಅರಳಿತು. ಇಳಕಲ್ಲಿನವಳು ಮಾತ್ರ ಒಣ ಬಾಟಲಿಯನ್ನೇ ನೋಡುತ್ತಿದ್ದಳು. “ನೀರು ಮೊದ್ಲ ಕಮ್ಮಿ ಇದ್ರ ಕಾಗಿ ಏನ್ ಮಾಡೀತು ಅಜ್ಜಿ? ಎಷ್ಟ್ ಕಲ್ಲ ಹಾಕಿದ್ರೂ ಅಷ್ಟ.”

ಟ್ಯಾಂಕರಿಗಾಗಿ ಕೊಡ ಹಿಡಿದು ನಿಲ್ಲುವ ಮಗು ಅದು. ಪ್ರಯತ್ನಕ್ಕೆ ತಕ್ಕ ಫಲ ಅಂತ ನಾನು ಎಷ್ಟು ವರ್ಷ ಬರೆಸಿದ್ದೆನೋ ಅಷ್ಟೂ ವರ್ಷ ನನ್ನ ಮುಂದಿನ ಬೆಂಚುಗಳಲ್ಲಿ ಕಾಲು ಬಾಟಲಿ ನೀರಿನವರೂ ಕೂತಿದ್ದರು. ಅವರು ಸೋತಾಗ ನಾನೇ ಕೊಟ್ಟ ನೀತಿಯನ್ನು ನೆನೆಸಿಕೊಂಡು, ತಮ್ಮ ಪ್ರಯತ್ನವೇ ಸಾಲದು ಅಂದುಕೊಂಡಿರಬಹುದು. ಈ ಯೋಚನೆ ನನ್ನನ್ನು ಈಗಲೂ ಬಿಡುವುದಿಲ್ಲ.

ದ್ರಾಕ್ಷಿಯ ವಿಷಯ ಹೇಳಿಬಿಡುತ್ತೇನೆ, ಇದು ನಗುವಂಥದ್ದು. ನರಿ ಎಗರಿ ಎಗರಿ ಸಾಕಾಗಿ, ದ್ರಾಕ್ಷಿ ಹುಳಿ ಅಂದುಕೊಂಡು ಹೋಯಿತು ಅಂದರೆ ನಮ್ಮ ಸೀಮೆಯ ಮಕ್ಕಳು ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದ ಸುತ್ತ ಬೆಳೆಯುವ ‘ಬೆಂಗಳೂರು ನೀಲಿ’ ದ್ರಾಕ್ಷಿ, 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು, ತಳ್ಳುಗಾಡಿಯಲ್ಲಿ ರಾಶಿ ಹಾಕಿ ಮಾರುತ್ತಾರಲ್ಲ ಅದು, ನಿಜಕ್ಕೂ ಹುಳಿಯೇ. ದಪ್ಪ ಸಿಪ್ಪೆ, ಒಳಗೆ ಬೀಜ, ನಾಲಿಗೆ ಚುರುಗುಟ್ಟುವ ಹುಳಿಸಿಹಿ. ಇನ್ನೂ ಸೊಗಸೆಂದರೆ, ಈ ತಳಿಗೆ ಬೆರೆತಿರುವ ಅಮೆರಿಕದ ಕಾಡು ದ್ರಾಕ್ಷಿಗೆ ಅಲ್ಲಿನವರು ಇಟ್ಟ ಹೆಸರೇ ನರಿ ದ್ರಾಕ್ಷಿ. “ನರಿ ಬೆಂಗಳೂರಿನದ್ದು ಅಜ್ಜಿ, ತಿಂದು ನೋಡಿಯೇ ಹೇಳಿದೆ” ಅಂದ ನನ್ನ ಮೊಮ್ಮಗ.

ತೋಳ ಬಂತು ತೋಳ ಕಥೆಯನ್ನು ಇಲ್ಲಿ ತೋಳ ಅಂತ ಹೇಳುವ ಹಾಗೇ ಇಲ್ಲ. ಇಲ್ಲಿ ಚಿರತೆ. ರಾಗಿ ತೆನೆ ಕಟ್ಟಿದರೆ ಆನೆಯೂ ಉಂಟು, ಕಾಡಿನ ಅಂಚಿನ ಹಳ್ಳಿಗಳಲ್ಲಿ ರಾತ್ರಿಯಿಡೀ ಎದ್ದು ಕಾಯುತ್ತಾರೆ. ಬಡಾವಣೆಯ ವಾಟ್ಸಾಪ್ ಗುಂಪಿಗೆ ಆಗಾಗ ಒಂದು ಚಿರತೆ ಫೋಟೊ ಬೀಳುತ್ತದೆ: ನಮ್ಮ ಹಿಂದಿನ ರಸ್ತೆಯಲ್ಲೇ ನಿನ್ನೆ ರಾತ್ರಿ ಕಂಡಿದ್ದು ಅಂತ. ನೋಡಿದರೆ ಯಾವುದೋ ರಾಜ್ಯದ, ಯಾವುದೋ ವರ್ಷದ ಚಿತ್ರ. ಮೂರು ಸಲ ಹೀಗಾದ ಮೇಲೆ ನಾಲ್ಕನೆಯದನ್ನು ಯಾರು ನಂಬುತ್ತಾರೆ? ಹಾಗಾಗಿ ಕುರಿ ಕಾಯುವ ಹುಡುಗನ ಕಥೆ ಮಕ್ಕಳಿಗೆ ಒಂದೇ ಏಟಿಗೆ ಹಿಡಿಯಿತು. ಆದರೆ ಕೃಷ್ಣಗಿರಿ ಕಡೆಯ ಅಕ್ಕತಂಗಿಯರಲ್ಲಿ ಚಿಕ್ಕವಳು ಕೇಳಿದ್ದು ಬೇರೆ: ಸುಳ್ಳು ಹೇಳಿದ್ದು ಹುಡುಗ, ಸತ್ತಿದ್ದು ಕುರಿಗಳು, ಕುರಿ ಏನು ಮಾಡಿತ್ತು? ಸುಳ್ಳು ಹೇಳಬಾರದು ಅನ್ನುವಲ್ಲಿಗೆ ಕಥೆ ಮುಗಿಸಿದರೆ ಕುರಿಗಳ ಲೆಕ್ಕ ಯಾರೂ ಇಡುವುದಿಲ್ಲ.

ಆಮೆ ಮತ್ತು ಹಂಸಗಳ ಕಥೆಗೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಎರಡು ಹಂಸಗಳು ಕೋಲಿನ ಎರಡು ತುದಿ ಕಚ್ಚಿಕೊಂಡು, ನಡುವೆ ಕಚ್ಚಿಕೊಂಡ ಆಮೆಯನ್ನು ಹೊತ್ತು ಹಾರುತ್ತವೆ. ಕೆಳಗಿನವರು ಕೂಗಾಡುತ್ತಾರೆ, ಆಮೆ ಉತ್ತರ ಹೇಳಲು ಬಾಯಿ ತೆರೆಯುತ್ತದೆ, ಬೀಳುತ್ತದೆ. ಮಾತು ಕಡಿಮೆಯಿರಲಿ ಅನ್ನುವುದು ಪುಸ್ತಕದ ನೀತಿ. ಗದ್ದಲದ ಕ್ಲಾಸಿಗೆ ಇದಕ್ಕಿಂತ ಅನುಕೂಲದ ಕಥೆಯಿಲ್ಲ, ನಾನೂ ಧಾರಾಳವಾಗಿ ಬಳಸಿದ್ದೇನೆ. ಜಿಗಣಿಯ ಮೆಟ್ಟಿಲ ಮೇಲೆ ಹೇಳುವಾಗ ಕಥೆಯ ಮೊದಲ ಸಾಲಿನಲ್ಲೇ ಮಕ್ಕಳು ನನ್ನನ್ನು ನಿಲ್ಲಿಸಿದರು. ಮಳೆ ಬರದೆ ಕೆರೆ ಬತ್ತಿತು, ಅದಕ್ಕೆ ಮೂವರೂ ಬೇರೆ ಊರಿಗೆ ಹೊರಟರು ಅಂದೆನಷ್ಟೆ, “ನಮ್ಮೂರಾಗೂ ಹಂಗ ಆಗಿತ್ತು” ಅಂದಳು ಇಳಕಲ್ಲಿನವಳು. ಹಂಸಗಳಿಗೆ ರೆಕ್ಕೆ ಇದೆ, ಎಲ್ಲಿ ಬೇಕಾದರೂ ಇಳಿಯುತ್ತವೆ. ಆಮೆ ಏನು ಮಾಡಬೇಕು? ಹೊಸ ಊರಿನ ಕೆರೆ ಹೇಗಿರುತ್ತದೆ, ಅಲ್ಲಿನ ಆಮೆಗಳು ಸೇರಿಸಿಕೊಳ್ಳುತ್ತವಾ, ಸ್ಕೂಲಿನಲ್ಲಿ ಟಿಸಿ ಕೇಳುತ್ತಾರಾ? ಅರ್ಧ ಗಂಟೆ ಇದೇ ಮಾತು. ಆಮೆಯನ್ನು ಮೇಲಕ್ಕೆ ಎತ್ತುವುದಕ್ಕೇ ಅವತ್ತು ನನಗೆ ಆಗಲಿಲ್ಲ.

ನೀತಿ ಇರುವುದು ಕಥೆಯ ಕೊನೆಯ ಸಾಲಿನಲ್ಲಿ ಅಂದುಕೊಂಡಿದ್ದೆ. ಈ ಮಕ್ಕಳು ಇರುವುದು ಮೊದಲ ಸಾಲಿನಲ್ಲಿ. ಅವರ ಮನೆಮಂದಿ ಊರು ಬಿಟ್ಟದ್ದು ಆ ಸಾಲಿನಲ್ಲೇ.

ಬಳ್ಳಿಗಾವೆಯ ತ್ರಿಪುರಾಂತಕ ದೇವಸ್ಥಾನದ ಗೋಡೆಯ ಬುಡದಲ್ಲಿ ಪಂಚತಂತ್ರದ ಕಥೆಗಳನ್ನು ಕೆತ್ತಿದ್ದಾರೆ. ಊರು ಶಿಕಾರಿಪುರ ತಾಲ್ಲೂಕಿನದು, ಗುಡಿ ದುರ್ಗಸಿಂಹ ಇದ್ದ ಅದೇ ಚಾಲುಕ್ಯರ ಕಾಲದ್ದು. ಗೇಣುದ್ದದ ಚೌಕಟ್ಟಿನಲ್ಲಿ ಎರಡು ಹಕ್ಕಿ, ಒಂದು ಕೋಲು, ಜೋತುಬಿದ್ದ ಆಮೆ. ಅಲ್ಲಿ ನೀತಿ ಬರೆದಿಲ್ಲ, ಬರಿಯ ಆಮೆ. ಹಿಂದೆ ಹೋಗಿದ್ದಾಗ ತೆಗೆದ ಫೋಟೊ ಫೋನಿನಲ್ಲಿತ್ತು, ಮಕ್ಕಳಿಗೆ ತೋರಿಸುತ್ತಿದ್ದೆ. ಮಗಳನ್ನು ಕರೆಯಲು ಬಂದ ಇಳಕಲ್ಲಿನ ಅಪ್ಪ ನಿಂತು ನೋಡಿದ. ಫೋನು ಇಸಿದುಕೊಂಡ. ಕಲ್ಲಿನ ಹಿಟ್ಟು ಉಗುರಿನ ಸಂದಿಯಲ್ಲಿ ಬೆಳ್ಳಗೆ ಕೂತಿದ್ದ ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದ. “ಇದು ನಮ್ಮ ಗ್ರಾನೈಟ್ ಅಲ್ರಿ ಅಮ್ಮಾರ, ಬಳಪದ ಕಲ್ಲು ಐತಿ, ಮೆತ್ತಗ ಇರ್ತೈತಿ” ಅಂದ. ಮತ್ತೆ ನೋಡಿದ. “ಕೆತ್ತಿದಾವ ಆಮಿ ನೋಡ್ಯಾನ್ರಿ. ಕಾಲು ನೋಡ್ರಿ, ಹೆಂಗ ಬಿಟ್ಟಾವ ಕೆಳಗ. ಅಂಜ್ಯದ ಅದು.”

ಮಿರಿಮಿರಿ ಮಿಂಚುವ ಕರಿಯ ಕಲ್ಲಿನ ಹಾಳೆಗಳಿಗೆ ದಿನವಿಡೀ ಹೊಳಪು ಕೊಡುವವನು; ಆ ಹಾಳೆಗಳ ಮೇಲೆ ಒಂದು ಇರುವೆಯ ಚಿತ್ರವೂ ಇರುವುದಿಲ್ಲ. ಆಮೆ ಅಂಜಿದೆ ಅಂತ ಅವನಿಗೆ ಕಾಲು ನೋಡಿದರೆ ತಿಳಿಯಿತು. ಇಷ್ಟು ವರ್ಷ ಆ ಕಥೆ ಹೇಳಿದ ನನಗೆ ಆಮೆಗೆ ಹೆದರಿಕೆ ಆಗಿರಬಹುದು ಅಂತ ಒಂದು ಸಲವೂ ಹೊಳೆದಿರಲಿಲ್ಲ.

ಪುಣ್ಯಕೋಟಿಯ ವಿಷಯಕ್ಕೆ ಮಾತ್ರ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಅದು ತಂತ್ರದ ಕಥೆಯಲ್ಲ. ಗೊಲ್ಲ ಕಾಳಿಂಗನ ಹಸು, ಹಸಿದ ಹುಲಿ ಅರ್ಬುತ, ಕರುವಿಗೆ ಹಾಲು ಕೊಟ್ಟು ಬರುತ್ತೇನೆಂದು ಕೊಟ್ಟ ಮಾತು. ಪಂಚತಂತ್ರದ ನರಿ ಕೇಳಿದರೆ, ಹಿಂದಕ್ಕೆ ಬಂದ ಹಸುವನ್ನು ದಡ್ಡಿ ಅನ್ನುತ್ತಿತ್ತು. ಜಾನಪದರು ಅದನ್ನು ಹಾಡು ಮಾಡಿ ಹಾಡಿದರು. ಕನ್ನಡದ ಮಗುವಿಗೆ ಎರಡೂ ಬೇಕು, ಮೊಲದ ಉಪಾಯವೂ ಹಸುವಿನ ಮಾತೂ. ಯಾವುದು ಯಾವಾಗ ಅಂತ ಅದೇ ಮುಂದೆ ಕಂಡುಕೊಳ್ಳುತ್ತದೆ.

ಒಂದು ತಪ್ಪು ಮಾಡಿದ್ದೆ, ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ. ಹುಲಿ ಹಾರಿ ಪ್ರಾಣ ಬಿಡುವುದು ಚಿಕ್ಕ ಮಕ್ಕಳಿಗೆ ಹೆಚ್ಚಾಯಿತು ಅನ್ನಿಸಿ, ಹುಲಿ ಕಾಡಿಗೆ ಹೊರಟುಹೋಯಿತು ಅಂತ ಕೊನೆ ತಿದ್ದಿ ಹೇಳಿದೆ. ಹಿಂದಿನ ಬೆಂಚಿನ ಒಂದು ಹುಡುಗಿ ಎದ್ದು ನಿಂತು, “ಸುಳ್ಳು ಮಿಸ್, ನಮ್ಮಜ್ಜಿ ಹಾಡ್ತಾಳೆ, ಹುಲಿ ಸಾಯ್ತದೆ” ಅಂದಳು. ಸತ್ಯದ ಹಾಡಿಗೆ ನಾನು ಸುಳ್ಳಿನ ಬಾಲ ಕಟ್ಟಿದ್ದೆ. ಆಮೇಲೆ ಯಾವತ್ತೂ ತಿದ್ದಲಿಲ್ಲ. ಜಿಗಣಿಯಲ್ಲಿ ಹಾಡಿದಾಗ ಮಕ್ಕಳು ಬಹಳ ಹೊತ್ತು ಮಾತಾಡಲಿಲ್ಲ. ಅಳು ಬಂದವರು ಅತ್ತರು. ಮಕ್ಕಳಿಗೆ ಅಳುವ ಶಕ್ತಿ ಇದೆ, ಅದನ್ನು ನಾವು ನಂಬಬೇಕು.

ಗುಬ್ಬಕ್ಕನ ಬಾಗಿಲಿನ ಪ್ರಶ್ನೆ ಹಾಗೇ ಉಳಿದಿತ್ತಲ್ಲ. ನಾಲ್ಕಾರು ದಿನ ಯೋಚಿಸಿದೆ. ನನ್ನ ಅಮ್ಮ ಈ ಕಥೆಯನ್ನು ಇನ್ನೂ ಮುಂದಕ್ಕೆ ಹೇಳುತ್ತಿದ್ದದ್ದು ಆಗ ನೆನಪಿಗೆ ಬಂತು. ಪುಸ್ತಕದಲ್ಲಿ ಇಲ್ಲದ ಭಾಗ. ಗುಬ್ಬಕ್ಕ ಕೊನೆಗೂ ಬಾಗಿಲು ತೆಗೆಯುತ್ತಾಳೆ, ಒಲೆಯ ಪಕ್ಕ ಜಾಗ ಕೊಡುತ್ತಾಳೆ. ನಡುರಾತ್ರಿ ಕಟುಂ ಕಟುಂ ಸದ್ದು. ಏನಕ್ಕಾ ತಿಂತಿದ್ದೀಯ ಅಂದರೆ, ಹುರಿಗಡಲೆ ಅನ್ನುತ್ತಾಳೆ ಕಾಗಕ್ಕ. ಬೆಳಗ್ಗೆ ಎದ್ದು ನೋಡಿದರೆ ಗುಬ್ಬಕ್ಕನ ಮೊಟ್ಟೆಗಳಿಲ್ಲ.

ಹೇಳಬೇಕೋ ಬೇಡವೋ ಅಂತ ಹಿಂದೆಮುಂದೆ ನೋಡಿದೆ. ಆಸರೆ ಕೇಳಿ ಬಂದವರು ಮನೆ ಹಾಳು ಮಾಡುತ್ತಾರೆ ಅನ್ನುವ ಮಾತನ್ನು, ಬೇರೆ ಊರಿಂದ ಬಂದು ತಗಡಿನಡಿ ಇರುವ ಮಗುವಿಗೆ ನಾನು ಹೇಳಲೇ? ಆದರೆ ಅವಳು ಕೇಳಿದ್ದಳು. ಕೇಳಿದವಳಿಗೆ ಗೊತ್ತಿರುವುದನ್ನು ಹೇಳದೆ ಇರುವುದೂ ಕೊನೆ ತಿದ್ದಿದ ಹಾಗೇ. ಹೇಳಿದೆ. ಗುಬ್ಬಕ್ಕನಿಗೆ ಮೊಟ್ಟೆಯ ಭಯವಿತ್ತು ಕಣಮ್ಮ, ಅದಕ್ಕೇ ಇರಬೇಕು ತಡ ಮಾಡಿದ್ದು ಅಂದೆ.

ಅವಳು ಮಂಡಿಯ ಮೇಲೆ ಗಲ್ಲ ಇಟ್ಟು ಯೋಚಿಸಿದಳು. “ಹಂಗಾದ್ರ ತತ್ತಿ ಜಂತಿ ಮ್ಯಾಲ ಇಟ್ಟು, ಆಮ್ಯಾಲ ಬಾಗ್ಲಾ ತಗೀಬೇಕಿತ್ತು” ಅಂದಳು.

ದುರ್ಗಸಿಂಹನಂಥ ಮಂತ್ರಿಗೂ ಇದು ಹಿಡಿಸುತ್ತಿತ್ತು ಅಂತ ನನಗೆ ನಂಬಿಕೆ. ಮೊಟ್ಟೆಯೂ ಉಳಿಯಬೇಕು, ಕಾಗೆಯೂ ನೆನೆಯಬಾರದು. ಅವಳ ಊರಿನ ಮನೆಯಲ್ಲಿ ಜಂತಿ ಇತ್ತಂತೆ. ಈಗಿನ ಶೀಟ್ ಮನೆಯಲ್ಲಿ ಇಲ್ಲ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದಿದೆ. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲೂ ಅದು ಬರುತ್ತದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಅವಳು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಕಟ್ಟಿದ ಅವು ಅವಳು ಮಲಗಿದ್ದಾಗ ಹೊರಗೆ ಬಿದ್ದು, ಗಂಡಸಿನ ಮೆಟ್ಟು, ಅಂಗಿಯ ರೂಪ ತಾಳಿ ಬಾಗಿಲಲ್ಲಿ ಕೂತು ಗಂಡಹೆಂಡಿರ ನಡುವೆ ಜಗಳ ಹಚ್ಚಿದವು. ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಜ್ವಾಲೆಗಳು ಹನುಮಂತನ ಗುಡಿಯಲ್ಲಿ ಸೇರಿ ಹರಟುವಾಗ ಈ ಗುಟ್ಟು ಹೊರಬಿತ್ತು. ನಿವೃತ್ತಿಯಾಗಿ ಇಲ್ಲಿಗೆ ಬಂದ ಮೊದಲ ತಿಂಗಳುಗಳಲ್ಲಿ ನನ್ನ ಎದೆಯೊಳಗೆ ಏನೋ ಒತ್ತಿದ ಹಾಗಿರುತ್ತಿತ್ತು. ಬಿಪಿ ನೋಡಿಸಿದೆವು, ಇಸಿಜಿ ತೆಗೆಸಿದೆವು, ಎಲ್ಲ ಸರಿಯಾಗಿತ್ತು.

ಕಳೆದ ಭಾನುವಾರ ಕೋತಿ ಮತ್ತು ಮೊಸಳೆಯ ಕಥೆ. ನೇರಳೆ ಮರದ ಮೇಲೆ ಕೋತಿ, ಕೆಳಗೆ ಹೊಳೆಯಲ್ಲಿ ಮೊಸಳೆ. ಕೋತಿ ದಿನವೂ ಹಣ್ಣು ಉದುರಿಸುತ್ತದೆ, ಮೊಸಳೆ ತಾನು ತಿಂದು ಉಳಿದದ್ದನ್ನು ಮನೆಗೆ, ಹೆಂಡತಿಗೆ ಒಯ್ಯುತ್ತದೆ. ಈಗ ನೇರಳೆಯ ಕಾಲ, ಆನೇಕಲ್ ರಸ್ತೆಯ ಬದಿಯಲ್ಲಿ ಬುಟ್ಟಿ ಇಟ್ಟು ಮಾರುತ್ತಿದ್ದರು. ಅರ್ಧ ಕೆ.ಜಿ. ತಂದು, ಉಪ್ಪು ನೀರಿನಲ್ಲಿ ತೊಳೆದು, ಸ್ಟೀಲ್ ತಟ್ಟೆಯಲ್ಲಿ ಹಾಕಿ ಮೆಟ್ಟಿಲ ಮೇಲೆ ಇಟ್ಟೆ. ಕಥೆ ಮುಗಿಯುವ ಮೊದಲೇ ಎಲ್ಲರ ನಾಲಿಗೆಯೂ ನೀಲಿ. ಕೋತಿಯ ಗುಂಡಿಗೆ ಬೇಕೆಂದ ಮೊಸಳೆಯ ಹೆಂಡತಿಗೆ ನಿಜವಾಗಿಯೂ ಕಾಯಿಲೆ ಇತ್ತಾ ಇಲ್ಲವಾ ಅಂತ ಎರಡು ಪಕ್ಷವಾಗಿ ಜಗಳ ಹತ್ತಿತು. ಗುಂಡಿಗೆಯನ್ನು ಮರದ ಮೇಲೆ ಬಿಟ್ಟು ಬಂದೆ ಅಂದರೆ ಮೊಸಳೆ ನಂಬುವುದು ಹೇಗೆ ಅಂತ ನನ್ನ ಮೊಮ್ಮಗ. ಸ್ನೇಹಿತ ಹೇಳಿದ್ದಲ್ವಾ, ಅದಕ್ಕೇ ನಂಬಿತು ಅಂತ ಕೃಷ್ಣಗಿರಿಯ ದೊಡ್ಡವಳು.

ಒಡಿಶಾದ ಹುಡುಗ ಜಗಳಕ್ಕೆ ಸೇರಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಹಣ್ಣುಗಳಲ್ಲಿ ದಪ್ಪದ್ದನ್ನು ನೋಡಿ ನೋಡಿ ನಾಲ್ಕು ಆರಿಸಿ, ಸ್ಕೂಲಿನ ಚಡ್ಡಿಯ ಜೇಬಿಗೆ ಹಾಕಿಕೊಂಡ. ಜೇಬು ಒದ್ದೆಯಾಗಿ ನೀಲಿಯಾಯಿತು. ನಾನು ನೋಡಿದ್ದು ಅವನಿಗೆ ಗೊತ್ತಾಯಿತು.

“ಅಮ್ಮಂದು ಶಿಫ್ಟ್ ಎಂಟಕ್ಕೆ ಮುಗಿಯುತ್ತೆ” ಅಂದ.